ಊಟ ಆಯ್ತಾ ಎಂದು ಕೇಳಕೂಡದು

ನನ್ನ ಸೊಸೆ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ. ಮರುದಿನದ ಪಾಠವನ್ನು ಹಿಂದಿನ ಸಂಜೆ ಅಡುಗೆಮನೆಯಲ್ಲಿ ನನ್ನ ಮೇಲೆ ಪ್ರಯೋಗ ಮಾಡುವುದು ಅವಳ ಪದ್ಧತಿ. ನನಗೆ ಅರ್ಥವಾದರೆ ಎಂಥ ದಡ್ಡನಿಗೂ ಅರ್ಥವಾಗುತ್ತದೆ ಎಂಬ ಲೆಕ್ಕಾಚಾರ. ಇದನ್ನು ಅವಮಾನವೆಂದುಕೊಳ್ಳಬೇಕೋ ಗೌರವವೆಂದುಕೊಳ್ಳಬೇಕೋ ನಾನಿನ್ನೂ ತೀರ್ಮಾನಿಸಿಲ್ಲ. ಸದ್ಯಕ್ಕೆ ಅವರೆಕಾಯಿ ಸುಲಿಯುತ್ತ ಕೇಳಿಸಿಕೊಳ್ಳುತ್ತೇನೆ.

ಮೊನ್ನೆಯ ಪಾಠ ಸರ್ವರಿನದು. "ಅತ್ತೆ, ಸರ್ವರ್ ಅಂದ್ರೆ ಒಂದು ಕಿಟಕಿ ಅನ್ಕಳ್ರಿ. ನೂರಾರು ಕಡೆಯಿಂದ ಥರಾವರಿ ಮೆಸೇಜು ಬರ್ತವೆ. ದಡ್ಡರು ಏನ್ ಮಾಡ್ತಾರೆ, ಇಂಥ ಮೆಸೇಜ್ ಆದ್ರೆ ಹಿಂಗ್ ಮಾಡು, ಅಂಥದ್ದಾದ್ರೆ ಹಂಗ್ ಮಾಡು ಅಂತ ಮಾರುದ್ದ ಪಟ್ಟಿ ಬರೆದು ಕಿಟಕಿಗೇ ಕಟ್ತಾರೆ. ಹೊಸ ಥರದ ಮೆಸೇಜ್ ಬಂದಾಗೆಲ್ಲ ಆ ಪಟ್ಟಿ ಬಿಚ್ಚಿ ತಿದ್ದಬೇಕು, ತಿದ್ದಿದಾಗೆಲ್ಲ ಇನ್ನೊಂದು ಕೆಡ್ತತೆ. ಜಾಣರು ಒಂದೊಂದು ಥರದ ಮೆಸೇಜಿಗೂ ಒಂದೊಂದು ಆಬ್ಜೆಕ್ಟ್ ಮಾಡ್ತಾರೆ. ತನ್ನ ಕೆಲಸ ಏನು ಅಂತ ಅದಕ್ಕೇ ಗೊತ್ತಿರ್ತತೆ. ಕಿಟಕಿ ಸುಮ್ನೆ 'ನಡಿ' ಅಂದ್ರೆ ಸಾಕು" ಎಂದಳು.

"ಅಷ್ಟೇನಾ? ಅದನ್ನ ನಾನು ಬಸ್ ಸ್ಟ್ಯಾಂಡಿನಾಗೆ ಮಾಡಿದ್ದೆ ಕಣೆ. ನೀನಿನ್ನೂ ಹುಟ್ಟಿರಲಿಲ್ಲ" ಎಂದೆ.

ಅವಳು ನಕ್ಕಳು. ಮೊಮ್ಮಗ ಬಂದು 'ಚಂದಮಾಮನನ್ನು ಹಿಡಿದು ತಂದೆ' ಎಂದಾಗ ನಗುತ್ತಾರಲ್ಲ, ಆ ನಗು. ನನಗೆ ಸಿಟ್ಟು ಬಂತು. ಸಿಟ್ಟು ನನಗೆ ಮೊದಲಿನಿಂದಲೂ ಬೇಗ ಬರುತ್ತದೆ. ಈ ಬರಹ ಆ ಸಿಟ್ಟಿನ ಫಲ.

ಎಪ್ಪತ್ತರ ದಶಕದ ಮಾತು. ನಮ್ಮಪ್ಪ ಚಿತ್ರದುರ್ಗದಲ್ಲಿ ಒಂದು ಖಾಸಗಿ ಬಸ್ ಕಂಪನಿಯ ಬುಕಿಂಗ್ ಏಜೆಂಟರು. ಕಂಪನಿಯ ಬಸ್ಸುಗಳು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗೆ ಓಡಾಡುತ್ತಿದ್ದವು. ಟ್ರಂಕ್ ಕಾಲ್ ಹಾಕಿದರೆ ಅರ್ಧ ದಿನ ಕಾಯಬೇಕಿದ್ದ ಕಾಲ ಅದು. ಕಾಗದ ಹಾಕಿದರೆ ಅದು ತಲುಪುವಷ್ಟರಲ್ಲಿ ಸುದ್ದಿಯೇ ಹಳಸಿರುತ್ತಿತ್ತು. ಹಾಗಾಗಿ ಜನ ಬಸ್ಸಿನ ಕೈಯಲ್ಲಿ ಹೇಳಿ ಕಳಿಸುತ್ತಿದ್ದರು. ಟಿಕೆಟ್ ಕಿಟಕಿಯ ಪಕ್ಕದಲ್ಲೇ ಇನ್ನೊಂದು ಚಿಕ್ಕ ಕಿಟಕಿ. ಅದಕ್ಕೆ ಸುದ್ದಿ ಕಿಟಕಿ ಎಂದೇ ಹೆಸರಾಗಿತ್ತು. ಬಾಗೂರಿನವರು ಹೆಣ್ಣು ನೋಡಲು ಬರುತ್ತಾರೆ, ಹೊಳಲ್ಕೆರೆಯ ಅಕ್ಕನಿಗೆ ನೋವು ಶುರುವಾಗಿದೆ, ಶೇಂಗಾ ಬೀಜ ಬಂದಿದೆ, ಅಜ್ಜ ಹೋದರು, ಎಲ್ಲವೂ ಆ ಕಿಟಕಿಗೆ ಬರಬೇಕು. ಅಪ್ಪ ಕೇಳಿಸಿಕೊಂಡು, ಯಾವ ಬಸ್ಸಿನ ಕಂಡಕ್ಟರಿಗೆ ಏನು ಹೇಳಬೇಕೋ ಅದನ್ನು ಹೇಳಿ ಕಳಿಸಬೇಕು.

ಕೇಳಲು ಸಲೀಸು. ಆದರೆ ನಮ್ಮ ಕಡೆ ಯಾವ ಸುದ್ದಿಯನ್ನೂ ಬರಿದೇ ಹೇಳುವಂತಿಲ್ಲ. ಹುಡುಗಿ ದೊಡ್ಡವಳಾದ ಸುದ್ದಿ ಮೊದಲು ಸೋದರಮಾವನಿಗೆ ಹೋಗಬೇಕು, ಅವನ ಹೆಂಡತಿಗೆ ಮೊದಲು ಗೊತ್ತಾದರೆ ಜಗಳ. ಮಗು ಹುಟ್ಟಿದ ಸುದ್ದಿ ತಂದವನ ಬಾಯಿಗೆ ಸಕ್ಕರೆ ಹಾಕಬೇಕು, ಹಾಕುವವರೆಗೆ ಗಂಡೋ ಹೆಣ್ಣೋ ಅವನು ಹೇಳುವುದಿಲ್ಲ. ಸಾವಿನ ಸುದ್ದಿಯಂತೂ ಕೇಳುವವರ ಊಟವಾದ ಮೇಲೆಯೇ ಹೇಳಬೇಕು. ಸುದ್ದಿ ಕೇಳಿದ ಮೇಲೆ ಮಣ್ಣಾಗುವವರೆಗೆ ಅವರ ಹೊಟ್ಟೆಗೆ ಏನೂ ಬೀಳುವುದಿಲ್ಲವಲ್ಲ, ಅದಕ್ಕೆ. ಇದನ್ನೆಲ್ಲ ಅಪ್ಪ ಒಂದು ಉದ್ದನೆಯ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಇಂಥದ್ದಾದರೆ ಹೀಗೆ, ಆದರೆ ಮಂಗಳವಾರವಾದರೆ ಹಾಗಲ್ಲ, ಆದರೆ ಮಾವ ಭಾವನ ಜೊತೆ ಮಾತು ಬಿಟ್ಟಿದ್ದರೆ ಇನ್ನೊಂದು ರೀತಿ, ಹೀಗೆ ಇಪ್ಪತ್ತು ವರ್ಷದ ಪಟ್ಟಿ. ಪುಸ್ತಕ ತೆರೆಯುವ ಅಗತ್ಯ ಅವರಿಗೆ ಬೀಳುತ್ತಿರಲಿಲ್ಲ. ಎಲ್ಲ ತಲೆಯಲ್ಲೇ ಇತ್ತು.

ಆಮೇಲೆ ತಲೆ ಕೈಕೊಡಲು ಶುರುವಾಯಿತು.

ಮೊದಮೊದಲು ನಗು ಬರುವಂಥ ತಪ್ಪುಗಳೇ. ಹೊಳಲ್ಕೆರೆಯ ಒಬ್ಬರಿಗೆ ಮಗಳ ಹೆರಿಗೆಯಾದ ಸುದ್ದಿ ಹೋಗಬೇಕಿತ್ತು. ಅಪ್ಪ ಎಮ್ಮೆ ಈದಿದೆ ಎಂದು ಹೇಳಿ ಕಳಿಸಿದರು. ಸಂಜೆಯ ಬಸ್ಸಿಗೆ ಮರುಸುದ್ದಿ ಬಂತು: "ಬಾಳ ಸಂತೋಷ. ಗಿಣ್ಣದ ಹಾಲು ಕಳಿಸ್ರಿ." ಬಾಣಂತಿಯ ಗಂಡ ಅದನ್ನು ಕೇಳಿ ಕಿಟಕಿಯ ಮುಂದೆ ಕುಣಿದಾಡಿದ. ಕಂಡಕ್ಟರುಗಳು ವಾರವಿಡೀ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಅಪ್ಪ ಚಪ್ಪಲಿಯನ್ನು ಅಕ್ಕಿ ಡಬ್ಬದ ಮೇಲೆ ಇಟ್ಟು, ಎಲ್ಲಿಟ್ಟೆ ಎಂದು ಹುಡುಕುತ್ತಿದ್ದುದನ್ನು ನೋಡಿದಾಗ ನಗು ನಿಂತುಹೋಯಿತು.

ಅಂಥ ನಾಲ್ಕೈದು ಆದ ಮೇಲೆ ಕಂಪನಿಯ ಸಾಹುಕಾರರು ಒಳಗಿನ ಕೋಣೆಯಿಂದ ಎದ್ದು ಬಂದರು. ಕೆಟ್ಟವರಲ್ಲ. ಬಸ್ಸಿನ ಹೆಸರು ಕೆಟ್ಟರೆ ಮಾತ್ರ ಸಹಿಸುವವರಲ್ಲ. "ಏಜೆಂಟ್ರೇ, ಇನ್ನೊಂದು ಕಂಪ್ಲೇಂಟ್ ಬಂದ್ರೆ ಈ ಸುದ್ದಿ ಕಿಟಕಿ ಬಂದ್ ಮಾಡಿಸ್ತೀನಿ. ನೀವು ಮನೇಲಿ ಆರಾಮಾಗಿ ಕುಂತ್ಕಳ್ರಿ" ಎಂದರು.

ಅಪ್ಪ ಹೂಂ ಎಂದರು. ಆರಾಮಾಗಿ ಕುಂತ್ಕಳ್ರಿ ಎಂಬ ಮಾತಿಗೆ ಅವರ ಮುಖ ಹೇಗಾಯಿತೆಂದು ನಾನು ನೋಡಿದೆ. ಅವ್ವ ತೀರಿಕೊಂಡ ಮೇಲೆ ಆ ಕಿಟಕಿಯೇ ಅವರ ಮನೆ. ನಾಲ್ಕು ತಾಲ್ಲೂಕಿನ ಜನ ಅವರನ್ನು ಹುಡುಕಿಕೊಂಡು ಬರುತ್ತಿದ್ದುದು ಅಲ್ಲಿಗೆ. ಆ ಸೀಟು ಹೋದರೆ ಅಪ್ಪ ಇರುವುದಿಲ್ಲ ಎಂದು ನನಗೆ ಅವತ್ತೇ ಗೊತ್ತಾಯಿತು.

ಆಗ ನನಗೆ ಇಪ್ಪತ್ತೊಂದು. ಎಸ್ಸೆಸ್ಸೆಲ್ಸಿ ಮುಗಿಸಿ ಟೈಪಿಂಗ್ ಕಲಿತು, ಮನೆಯಲ್ಲಿ ಮುದ್ದೆ ತಿರುವುತ್ತಿದ್ದೆ. ಮಧ್ಯಾಹ್ನ ಅಪ್ಪನಿಗೆ ಊಟದ ಕ್ಯಾರಿಯರ್ ತಂದು ಕೊಡುವ ನೆಪದಲ್ಲಿ ಬಂದವಳು ಅವತ್ತಿನಿಂದ ಸಂಜೆಯವರೆಗೆ ಅಲ್ಲೇ ಕೂರತೊಡಗಿದೆ. ಕಂಡಕ್ಟರುಗಳಿಗೆ ನನ್ನನ್ನು ರೇಗಿಸುವುದೊಂದು ಕೆಲಸ. ಅದರಲ್ಲೂ ಹೊಸದುರ್ಗದ ಬಸ್ಸಿನ ಉದ್ದನೆಯ ಕಂಡಕ್ಟರ್, ಅಪ್ಪನ ಕ್ಯಾರಿಯರಿನಿಂದ ಒಂದು ತುತ್ತು ಕಿತ್ತುಕೊಂಡು "ಸಾರು ಸಪ್ಪೆ ಐತಲ್ಲಕ್ಕಾ" ಎನ್ನುವನು. ನನ್ನ ಸಾರಿಗೆ ಹೆಸರಿಟ್ಟವರನ್ನು ನಾನು ಬಿಟ್ಟವಳಲ್ಲ. ಸೌಟು ಹಿಡಿದು ಬಸ್ಸಿನ ಮೆಟ್ಟಿಲವರೆಗೆ ಅಟ್ಟಿಸಿಕೊಂಡು ಹೋಗಿದ್ದುಂಟು.

ಅಲ್ಲಿ ಕೂತು ನೋಡುತ್ತ ನೋಡುತ್ತ ನನಗೊಂದು ವಿಷಯ ಹೊಳೆಯಿತು. ತಪ್ಪು ಅಪ್ಪನದಲ್ಲ, ಪುಸ್ತಕದ್ದು. ಎಲ್ಲ ಸುದ್ದಿಯ ಎಲ್ಲ ನಿಯಮವನ್ನೂ ಕಿಟಕಿಯಲ್ಲಿ ಕೂತವನೇ ಏಕೆ ಹೊರಬೇಕು? ಸುದ್ದಿ ತನ್ನ ನಿಯಮವನ್ನು ತಾನೇ ಹೊತ್ತುಕೊಂಡು ಹೋಗಲಿ. ಕಿಟಕಿಯಲ್ಲಿ ಕೂತವನಿಗೆ ಏನೂ ನೆನಪಿರಬೇಕಾಗಿಲ್ಲ ಎಂಬ ಹಾಗೆ ಮಾಡಿದರೆ, ಅವನಿಗೆ ಏನೂ ನೆನಪಿಲ್ಲವೆಂದು ಯಾರಿಗೂ ಗೊತ್ತಾಗುವುದೂ ಇಲ್ಲ.

ಪುಸ್ತಕಕ್ಕೆ ರಟ್ಟು ಹಾಕುವ ಅಂಗಡಿಯಿಂದ ಬಣ್ಣದ ಕಾಗದದ ತುಂಡುಗಳನ್ನು ತಂದು ಕವರು ಅಂಟಿಸಿದೆ. ಮದುವೆ, ಹೆರಿಗೆ, ನಾಮಕರಣಕ್ಕೆ ಹಳದಿ. ಕಾಯಿಲೆಗೆ ಕೆಂಪು. ಬೀಜ, ಗೊಬ್ಬರ, ಗಾಡಿ, ಎತ್ತು ಮುಂತಾದ ವ್ಯವಹಾರಕ್ಕೆ ಕಂದು. ಸಾವಿಗೆ ಬಿಳಿ. ಪ್ರತಿ ಕವರಿನ ಬೆನ್ನಿಗೆ ಅದನ್ನು ಒಯ್ದವನು ಏನು ಮಾಡಬೇಕೆಂದು ಟೈಪು ಮಾಡಿದ ಚೀಟಿ. ಇನ್ನು ಅಪ್ಪ ಕೇಳಬೇಕಾದುದು ಒಂದೇ ಪ್ರಶ್ನೆ: "ಎಂಥ ಸುದ್ದಿ?" ಆ ಬಣ್ಣದ ಕವರು ಕೊಟ್ಟರಾಯಿತು. ಸುದ್ದಿಯವರು ಬರೆದು ಒಳಗೆ ಹಾಕುತ್ತಾರೆ, ಬರೆಯಲು ಬಾರದವರಿಗೆ ನಾನು ಬರೆಯುತ್ತೇನೆ. ಕವರು ಆಯಾ ಬಸ್ಸಿನ ಗೂಡಿಗೆ ಹೋಗುತ್ತದೆ. ಕಂಡಕ್ಟರ್ ಬೆನ್ನು ಓದಿ ಕೆಲಸ ಮುಗಿಸುತ್ತಾನೆ. ಆ ಕಡೆಯಿಂದ ಬರುವ ಸುದ್ದಿಗೆಂದು ಅವನ ಚೀಲದಲ್ಲೂ ಒಂದಷ್ಟು ಖಾಲಿ ಕವರು ಇರುತ್ತವೆ.

ಒಂದೇ ವಾರಕ್ಕೆ ಪರೀಕ್ಷೆ ಬಂತು. ಕುರಿ ಕಾಯುವವರ ಮನೆಯ ಹೆಂಗಸೊಬ್ಬಳು ಬಂದು ಗಂಡನಿಗೆ ಸುದ್ದಿ ಮುಟ್ಟಿಸಬೇಕೆಂದಳು. ಊರು ಯಾವುದೆಂದರೆ, "ಊರಾ? ಕುರಿ ಎಲ್ಲಿರ್ತವೋ ಅದೇ ಊರು. ಹೋದ ವಾರ ಹರಿಯಬ್ಬೆ ತಾವ ಒಬ್ಬರ ಹೊಲದಾಗೆ ಮಂದೆ ನಿಲ್ಸಿದ್ರು. ಈಗ ಎಲ್ಲಿ ಅದಾರೋ" ಎಂದಳು. ಹಳೆಯ ಪುಸ್ತಕವಾಗಿದ್ದರೆ ಮೊದಲಿನಿಂದ ತಿದ್ದಬೇಕಿತ್ತು. ನಾನು ಕಂಬಳಿ ಬಣ್ಣದ ಹೊಸ ಕವರೊಂದನ್ನು ಮಾಡಿದೆ. ಅದರ ಬೆನ್ನಿಗೆ, ಹರಿಯಬ್ಬೆಯ ಚಹಾದಂಗಡಿಯಲ್ಲಿ ವಿಚಾರಿಸಿ ಮಂದೆ ಹೋದ ದಿಕ್ಕಿನ ಬಸ್ಸಿಗೆ ದಾಟಿಸತಕ್ಕದ್ದು ಎಂದು ಬರೆದೆ. ಕವರು ಮೂರು ಬಸ್ಸು ಬದಲಿಸಿ, ಕೊನೆಗೆ ಒಬ್ಬ ಸೈಕಲ್ಲಿನವನ ಜೇಬು ಸೇರಿ, ಎರಡನೆಯ ದಿನ ಕುರಿಯವನ ಕೈ ಮುಟ್ಟಿತು. ಕಿಟಕಿಯಲ್ಲಿ ಏನೂ ಬದಲಾಗಲಿಲ್ಲ. ಅಪ್ಪ "ಎಂಥ ಸುದ್ದಿ?" ಎಂದು ಕೇಳುತ್ತ ಕೂತೇ ಇದ್ದರು. ನನಗೆ ನೆಲ ಕಾಣದಷ್ಟು ಹೆಮ್ಮೆಯಾಗಿತ್ತು.

ಆ ಹೆಮ್ಮೆಯಲ್ಲೇ ನಾನು ಬಿಳಿ ಕವರಿನ ಬೆನ್ನಿಗೆ ಸರ್ಕಾರಿ ಕನ್ನಡದಲ್ಲಿ ಬರೆದಿದ್ದೆ: "ಮೊದಲು ಊಟ ಆಯ್ತಾ ಎಂದು ಕೇಳತಕ್ಕದ್ದು. ಆಗಿದ್ದಲ್ಲಿ ಮಾತ್ರ ಕವರು ಕೊಡತಕ್ಕದ್ದು. ಆಗಿರದಿದ್ದಲ್ಲಿ ಆಗುವವರೆಗೆ ಕಾಯತಕ್ಕದ್ದು." ಇಷ್ಟು ಸ್ಪಷ್ಟವಾಗಿ ಕಲೆಕ್ಟರ ಕಚೇರಿಯವರೂ ಬರೆಯಲಾರರು ಎಂದುಕೊಂಡಿದ್ದೆ.

ಹೊಳಲ್ಕೆರೆಯಲ್ಲಿ ಬಸ್ ನಿಲ್ದಾಣದ ಎದುರಿಗೆ ದಿನಸಿ ಅಂಗಡಿ ಇಟ್ಟಿದ್ದ ಒಬ್ಬರಿಗೆ ಒಂದು ಬಿಳಿ ಕವರು ಹೋಯಿತು. ಅವತ್ತು ಸೋಮವಾರ. ಆ ರೂಟಿನ ಕಂಡಕ್ಟರ್ ನಿಯಮ ಅಂದರೆ ಪ್ರಾಣ ಬಿಡುವ ಆಸಾಮಿ. ಅಂಗಡಿಯ ಮುಂದೆ ನಿಂತು "ಊಟ ಆಯ್ತಾ ಯಜಮಾನ್ರೇ?" ಎಂದ.

"ಇಲ್ಲಪ್ಪ, ಸೋಮವಾರ. ದೀಪ ಹಚ್ಚೋ ಮುಂಚೆ ನಾನು ಏನೂ ಮುಟ್ಟಲ್ಲ."

ಕಂಡಕ್ಟರ್ ಚೀಟಿ ನೋಡಿದ. ಆಗುವವರೆಗೆ ಕಾಯತಕ್ಕದ್ದು. ಕಾದ. ಡ್ರೈವರ್ ಹಾರನ್ ಒತ್ತಿ ಒತ್ತಿ ಸುಸ್ತಾಗಿ ಇಳಿದು ಬಂದ. ಅವನಿಗೆ ವಿಷಯ ಪಿಸುಮಾತಿನಲ್ಲಿ ಗೊತ್ತಾಯಿತು. ಅವನ ಹಿಂದೆ ಬಂದ ಪ್ರಯಾಣಿಕರಿಗೂ ಗೊತ್ತಾಯಿತು. ಐದು ನಿಮಿಷದಲ್ಲಿ ಇಡೀ ಬಸ್ಸು ಅಂಗಡಿಯ ಮುಂದೆ ನಿಂತು ಆ ಮನುಷ್ಯನಿಗೆ ಉಪಚಾರ ಮಾಡುತ್ತಿತ್ತು. "ಒಂದು ಬಾಳೆಹಣ್ಣಾದ್ರೂ ತಿನ್ರಿ." "ಹಣ್ಣು ತಿಂದ್ರೆ ಒಪ್ಪೊತ್ತು ಕೆಡಲ್ಲ ಕಣ್ರಿ." "ನಮ್ಮ ಮಗು ಅಳ್ತೈತೆ, ನಮಗೋಸ್ಕರ ಒಂದು ಚೂರು ಬೆಲ್ಲ ಬಾಯಿಗೆ ಹಾಕ್ಯಳ್ರಿ." ಪಾಪ, ಅಂಗಡಿಯವರಿಗೆ ಏನೂ ಅರ್ಥವಾಗದು. ಮುಕ್ಕಾಲು ಗಂಟೆಯ ಮೇಲೆ, ಈ ಜನ ಹೋದರೆ ಸಾಕು ಎಂದು ಎರಡು ಬಾಳೆಹಣ್ಣು ತಿಂದರು. ಕಂಡಕ್ಟರ್ ಕವರು ಕೊಟ್ಟು ತಲೆ ತಗ್ಗಿಸಿ ನಿಂತ. ಅವರು ಓದಿದರು.

"ಈಯಮ್ಮನಾ? ನಮ್ಮಜ್ಜಿಯ ತಂಗಿಯ ನಾದಿನಿ. ತೊಂಬತ್ತು ದಾಟಿತ್ತು, ನಾನು ಒಂದೇ ಸರ್ತಿ ನೋಡಿರೋದು. ಇದಕ್ಕಾ ನನ್ನ ಸೋಮವಾರ ಕೆಡಿಸಿದ್ರಿ?"

ಇದು ಇಲ್ಲಿಗೇ ನಿಂತಿದ್ದರೆ ಒಂದು ತಮಾಷೆಯಾಗಿ ಮುಗಿಯುತ್ತಿತ್ತು. ಆದರೆ ಆ ಬಸ್ಸಿನ ಜನ ತಮ್ಮ ತಮ್ಮ ಊರಲ್ಲಿ ಇಳಿದರು, ಜೊತೆಗೆ ನನ್ನ ನಿಯಮವೂ ಇಳಿಯಿತು. ಬಸ್ಸಿನವರು ಊಟ ಆಯ್ತಾ ಎಂದು ಕೇಳಿದರೆ ಮನೆಯಲ್ಲಿ ಯಾರೋ ಹೋಗಿದ್ದಾರೆ ಎಂದರ್ಥ ಎಂಬುದು ನಾಲ್ಕು ತಾಲ್ಲೂಕಿಗೂ ಹಬ್ಬಿತು.

ನಮ್ಮ ಸೀಮೆಯಲ್ಲಿ ಊಟ ಆಯ್ತಾ ಎಂದು ಕೇಳದೆ ಯಾರಾದರೂ ಬದುಕಲು ಸಾಧ್ಯವೇ? ಎದುರಿಗೆ ಸಿಕ್ಕವರನ್ನು ಕೇಳುವ ಮೊದಲ ಮಾತೇ ಅದು. ಕಂಡಕ್ಟರುಗಳ ಗತಿ ಕೇಳಬೇಡಿ. ಉದ್ದನೆಯ ಕಂಡಕ್ಟರ್ ಒಂದು ರಜೆಯ ದಿನ ಹಿರಿಯೂರಿನ ಮಾವನ ಮನೆಗೆ ಹೋಗಿ, ಚಪ್ಪಲಿ ಬಿಡುತ್ತ ಮರ್ಯಾದೆಗೆ "ಊಟ ಆಯ್ತಾ ಮಾವ?" ಎಂದನಂತೆ. ಅತ್ತೆ ಒಳಗಿನಿಂದ ಎದೆ ಬಡಿದುಕೊಳ್ಳುತ್ತ ಬಂದರು. ಅಕ್ಕಪಕ್ಕದವರು ಸೇರಿದರು. "ಯಾರೂ ಸತ್ತಿಲ್ಲ ಅತ್ತೆ" ಎಂದು ಇವನು ಕೂಗಿದಷ್ಟೂ, "ಮೊದ್ಲು ಹಂಗೇ ಅಂತಾರೆ, ಯಾರು ಅಂತ ಹೇಳಿಬಿಡಪ್ಪ" ಎಂದು ಅವರು ಅತ್ತರು. ಹೆಂಡತಿಯನ್ನೇ ಬಸ್ಸಿನಲ್ಲಿ ಕರೆತಂದು ಎದುರಿಗೆ ನಿಲ್ಲಿಸುವವರೆಗೆ ಅಳು ನಿಲ್ಲಲಿಲ್ಲವಂತೆ.

ಬಾಗೂರಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿನ ರೈತರೊಬ್ಬರ ತಾಯಿ ಚಿತ್ರದುರ್ಗದಲ್ಲಿ ಮಗಳ ಮನೆಯಲ್ಲಿ ಕೆಮ್ಮಿಗೆ ಔಷಧಿ ತೆಗೆದುಕೊಳ್ಳುತ್ತಿದ್ದರು. ಕಂಡಕ್ಟರೊಬ್ಬ ಮರೆತು ಆ ರೈತರನ್ನು ಊಟ ಆಯ್ತಾ ಎಂದುಬಿಟ್ಟ. ಅವರು ಬಿಳಿಚಿಕೊಂಡು, "ಆಗಿಲ್ಲ, ಆಗೋದೂ ಇಲ್ಲ" ಎಂದು ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಊಟ ಮಾಡಿದರೆ ತಾನೇ ಸುದ್ದಿ ಹೇಳುವುದು? ಊಟವನ್ನೇ ಮಾಡದಿದ್ದರೆ ಅವ್ವ ಬದುಕಿಯೇ ಇರುತ್ತಾಳೆ! ಎರಡು ದಿನ ಆ ಮನುಷ್ಯ ನೀರು ಕುಡಿದುಕೊಂಡು ಕೂತಿದ್ದರು. ಅದನ್ನು ಕೇಳಿದಾಗ ನನಗೆ ನಗು ಬಂತು. ನಕ್ಕು ಮುಗಿಸಿ, ಕಿಟಕಿಯಲ್ಲಿ ಕೂತಿದ್ದ ಅಪ್ಪನ ಕಡೆ ನೋಡಿದೆ. ಅಪ್ಪನನ್ನು ಉಳಿಸಿಕೊಳ್ಳಲು ನಾನು ಮಾಡುತ್ತಿದ್ದುದೂ ಹೆಚ್ಚುಕಡಿಮೆ ಅದೇ ತಾನೆ.

ಮೂರನೆಯ ದಿನ ಆ ತಾಯಿಯೇ ನಮ್ಮ ಕಿಟಕಿಗೆ ಬಂದರು. ಕೈಯಲ್ಲಿ ಮಡಚಿದ ಕೊಡೆ. ಕೆಮ್ಮಿನ ಸುಳಿವೂ ಇಲ್ಲ.

"ನನ್ನ ಸಾಯ್ಸಿದೋರು ಯಾರು? ತೋರಿಸ್ರಿ ಒಸಿ!"

ಅಪ್ಪ ಅಭ್ಯಾಸದಂತೆ ತಲೆಯೆತ್ತಿ, "ಎಂಥ ಸುದ್ದಿ?" ಎಂದು ಕೇಳಿದರು.

"ನನ್ನ ಸಾವಿನ ಸುದ್ದಿ!"

ಅಪ್ಪ ಸಮಾಧಾನವಾಗಿ ಬಿಳಿ ಕವರು ತೆಗೆದುಕೊಟ್ಟರು.

ಆಮೇಲಿನದನ್ನು ವಿವರಿಸಲಾರೆ. ಕೊಡೆ ಮುರಿಯಿತು ಎಂದಷ್ಟೇ ಹೇಳುತ್ತೇನೆ, ಪುಣ್ಯಕ್ಕೆ ಕಿಟಕಿಯ ಸರಳಿಗೆ ಬಡಿದು. ಗಲಾಟೆ ಕೇಳಿ ಸಾಹುಕಾರರು ಹೊರಗೆ ಬಂದರು. ಆಯಮ್ಮನಿಗೆ ಕೈಮುಗಿದು, ಸೋಡಾ ತರಿಸಿ ಕುಡಿಸಿ ಕಳಿಸಿದರು. ಆಮೇಲೆ ಅಪ್ಪನ ಕಡೆಗಲ್ಲ, ನನ್ನ ಕಡೆಗೆ ತಿರುಗಿ, "ಬರೋ ಸೋಮವಾರ ಸಾಯಂಕಾಲ ಈ ಕಿಟಕಿ ಬಂದ್ ಕಣವ್ವ. ನಿಮ್ಮಪ್ಪನ್ನ ಕರ್ಕಂಡು ಹೋಗು" ಎಂದರು.

ಭಾನುವಾರ ಅಪ್ಪ "ಚಂದ್ರವಳ್ಳಿಗೆ ಹೋಗಾಣ ಬಾ" ಎಂದರು. ನನ್ನ ಹೆಸರು ಮರೆತ ದಿನವೂ ಅವರು ಆ ದಾರಿ ಮರೆಯುತ್ತಿರಲಿಲ್ಲ. ಕೆರೆಯ ಪಕ್ಕದ ಬಂಡೆಯ ಮೇಲೆ ಕೂತೆವು. ನಾನು ಗುಂಡುಕಲ್ಲಿನ ಹಾಗೆ ಮುಖ ಮಾಡಿಕೊಂಡಿದ್ದೆ.

"ನಿನ್ನ ಕವರು ಚೆನ್ನಾಗದಾವೆ. ನಾನು ಮರೆಯೋದು ಯಾರಿಗೂ ಕಾಣಬಾರದು ಅಂತ ತಾನೆ ಮಾಡಿದ್ದು?" ಎಂದರು ಅಪ್ಪ.

ಅವರಿಗೆ ಗೊತ್ತಿಲ್ಲವೆಂದು ತಿಳಿದಿದ್ದೆನಲ್ಲ, ನಾಚಿಕೆಯಾಯಿತು.

"ಒಂದೇ ತಪ್ಪು ಮಾಡಿದೀಯ. ಏನಾಗಬೇಕು ಅನ್ನೋದನ್ನ ಚೀಟಿ ಹೇಳ್ಲಿ. ಹೆಂಗೆ ಅನ್ನೋದನ್ನೂ ನೀನೇ ಯಾಕೆ ಬರೆಯಾಕೆ ಹೋದೆ? ಹೊಟ್ಟೆಗೆ ಒಂದಿಷ್ಟು ಬಿದ್ದಿರಬೇಕು, ಅಷ್ಟೇ ಬರಿ. ಬೀಳ್ಸೋದು ಹೆಂಗೆ ಅಂತ ಕವರು ಹಿಡಿದೋನು ನೋಡ್ಕಂತಾನೆ. ಒಬ್ಬೊಬ್ಬರ ಮನೇಲಿ ಒಂದೊಂದು ಥರ. ಅದು ಹೋದೋನಿಗೆ ಗೊತ್ತಾಗ್ತತೆ, ಕಿಟಕೀಲಿ ಕುಂತೋರಿಗಲ್ಲ."

ಸೊಸೆ ಇದಕ್ಕೆ ಇಂಗ್ಲಿಷಿನಲ್ಲಿ ಏನೋ ದೊಡ್ಡ ಹೆಸರು ಹೇಳುತ್ತಾಳೆ. ಅಪ್ಪ ಅದನ್ನು ಬಂಡೆಯ ಮೇಲೆ ಕೂತು, ಕಡಲೆಕಾಯಿ ಬಿಡಿಸುತ್ತ ಹೇಳಿದ್ದರು. ಮನೆಗೆ ಬಂದು ಬಿಳಿ ಕವರುಗಳ ಹಳೆಯ ಚೀಟಿಯನ್ನೆಲ್ಲ ಕಿತ್ತು ಹೊಸದು ಅಂಟಿಸಿದೆ: "ಹೊಟ್ಟೆಗೆ ಬಿದ್ದ ಮೇಲೆ ಕೊಡುವುದು. ಊಟ ಆಯ್ತಾ ಎಂದು ಕೇಳಕೂಡದು."

ಸೋಮವಾರ ಮಧ್ಯಾಹ್ನ ಹೊಸದುರ್ಗದಿಂದ ಬಂದ ಬಸ್ಸಿನಲ್ಲಿ ಒಂದು ಬಿಳಿ ಕವರು ಬಂತು. ಅದು ಸಾಹುಕಾರರಿಗೆ. ತಾಯಿ ಇಲ್ಲದ ಅವರನ್ನು ಸಾಕಿ ಬೆಳೆಸಿದ ದೊಡ್ಡಮ್ಮ ಬೆಳಿಗ್ಗೆ ತೀರಿಕೊಂಡಿದ್ದರು. ಸಾಹುಕಾರರಿಗೆ ಸಕ್ಕರೆ ಕಾಯಿಲೆ. ಹೊತ್ತಿಗೆ ತಿನ್ನದಿದ್ದರೆ ಕಣ್ಣು ಕತ್ತಲೆ ಬರುತ್ತಿತ್ತು. ಮನೆಯಿಂದ ಬಂದ ಕ್ಯಾರಿಯರ್ ಮೇಜಿನ ಮೇಲೆ ಹಾಗೇ ಇತ್ತು. ಉದ್ದನೆಯ ಕಂಡಕ್ಟರ್ ಕವರು ಹಿಡಿದು ನಿಂತಲ್ಲೇ ನಿಂತ. ಎಲ್ಲ ಗುಟ್ಟೂ ಗೊತ್ತಿರುವ ಮನುಷ್ಯನ ಮುಂದೆ ಯಾವ ಆಟ ನಡೆದೀತು?

ಅಪ್ಪ ಅವನ ಕೈಯಿಂದ ಕವರು ತೆಗೆದುಕೊಂಡು ಜೇಬಿಗಿಟ್ಟು ಒಳಗೆ ಹೋದರು. ಸಾಹುಕಾರರ ಎದುರಿನ ಕುರ್ಚಿಯಲ್ಲಿ ಕೂತರು. ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ಅಲ್ಲಿ ಕೂತವರಲ್ಲ.

"ಸಾಹುಕಾರ್ರೇ, ಹಸಿವಾಗೈತೆ. ನನ್ನ ಮಗಳು ಇವತ್ತು ಊಟ ತರೋದು ಮರ್ತಾಳೆ."

ನಾನು ಬಾಗಿಲಲ್ಲಿದ್ದೆ. ಹನ್ನೆರಡಕ್ಕೆ ನಾನೇ ಎರಡು ಮುದ್ದೆ ಬಡಿಸಿದ್ದೆ! ಸಾಹುಕಾರರು ನನ್ನನ್ನು ನೋಡಿದರು, ನನ್ನ ಪಕ್ಕದಲ್ಲಿದ್ದ ಖಾಲಿ ಕ್ಯಾರಿಯರನ್ನು ನೋಡಿದರು. ಅವರ ಮುಖ ಕರಗಿಹೋಯಿತು. ಒಂದು ಮಾತೂ ಆಡದೆ ತಮ್ಮ ಕ್ಯಾರಿಯರ್ ಬಿಚ್ಚಿ, ಚಪಾತಿ ಪಲ್ಯದಲ್ಲಿ ಅರ್ಧವನ್ನು ಅಪ್ಪನ ಮುಂದಿಟ್ಟರು. ಅಪ್ಪ ಮುಟ್ಟಲಿಲ್ಲ. "ಒಬ್ಬನೇ ಹೆಂಗೆ ತಿನ್ನಲಿ, ನೀವೂ ಶುರು ಮಾಡ್ರಿ" ಎಂದರು. ಇಬ್ಬರೂ ತಿಂದರು. ಅಪ್ಪ ನಿಧಾನವಾಗಿ ಕೈ ತೊಳೆದು, ಒರೆಸಿಕೊಂಡು, ಜೇಬಿನಿಂದ ಬಿಳಿ ಕವರು ತೆಗೆದು ಮೇಜಿನ ಮೇಲಿಟ್ಟರು.

ಸಾಹುಕಾರರು ಓದಿದರು. ಅತ್ತರು. ಹೊಸದುರ್ಗಕ್ಕೆ ಹೊರಡಲು ಜೀಪು ಹತ್ತುವಾಗ ನನ್ನನ್ನು ಕರೆದು, "ಕಿಟಕಿ ಇರ್ಲಿ ಕಣವ್ವ. ಅವರು ಎಲ್ಲೀ ತನಕ ಕೂರ್ತಾರೋ ಅಲ್ಲೀ ತನಕ ಇರ್ಲಿ" ಎಂದರು.

ಎಂಥ ನಾಟಕವಾಡಿದರು ನಮ್ಮಪ್ಪ ಎಂದು ನಾನು ಉಬ್ಬಿಹೋಗಿದ್ದೆ. ಸಂಜೆ ಮನೆಗೆ ನಡೆಯುತ್ತ ಅವರು ಕೇಳಿದರು: "ಇವತ್ತು ಯಾಕವ್ವ ಊಟ ತರೋದು ಮರ್ತೆ?" ಅದು ನಾಟಕವೋ ನಿಜವೋ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಎರಡು ವರ್ಷದ ಮೇಲೆ ನನಗೆ ಹೊಸದುರ್ಗಕ್ಕೆ ಮದುವೆಯಾಯಿತು. ಕವರು ಅಂಟಿಸುವುದನ್ನು ಹೊಸ ಗುಮಾಸ್ತರಿಗೆ ಕಲಿಸಿ ಬಂದೆ. ಅಪ್ಪ ಕಿಟಕಿಯಲ್ಲೇ ಉಳಿದರು.

ಆ ದಶಕ ಮುಗಿಯುವ ಮೊದಲಿನ ಒಂದು ಮಧ್ಯಾಹ್ನ. ಮನೆಯಲ್ಲಿ ಎಲ್ಲರ ಊಟ ಮುಗಿದು ನಾನೊಬ್ಬಳು ಉಳಿದಿದ್ದೆ. ಉದ್ದನೆಯ ಕಂಡಕ್ಟರ್ ಬಾಗಿಲಿಗೆ ಬಂದ. "ಅಕ್ಕಾ, ಬಸ್ಸು ಅರ್ಧ ಗಂಟೆ ನಿಲ್ತೈತೆ. ನಿಮ್ಮ ಕೈ ಮುದ್ದೆ ತಿಂದು ವರ್ಷ ಆತು. ಹಾಕ್ರಿ." ತವರಿನ ಕಡೆಯವನು, ಖುಷಿಯಾಯಿತು. ಬಡಿಸಿದೆ. ಎರಡು ತುತ್ತು ನುಂಗಿ ಮುಖ ಹುಳ್ಳಗೆ ಮಾಡಿದ.

"ಸಾರಿಗೆ ಉಪ್ಪು ಜಾಸ್ತಿ ಆಗೈತಲ್ಲಕ್ಕಾ."

"ಏನಂದೆ?"

"ಮದುವೆ ಆದ ಮೇಲೆ ಕೈ ಕೆಟ್ಟೈತೆ ನಿಮ್ದು. ಬೇಕಾದ್ರೆ ನೀವೇ ನೋಡ್ರಿ."

ನನಗೆ ಸಿಟ್ಟು ನೆತ್ತಿಗೇರಿತು. ನಾನೂ ಒಂದು ತಟ್ಟೆ ಎಳೆದುಕೊಂಡು ಅವನ ಎದುರಿಗೇ ಕೂತೆ. ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದೆ. ಎಲ್ಲಿದೆಯೋ ಉಪ್ಪು, ನಿನ್ನ ನಾಲಿಗೆಗೆ ಏನು ಬಡಿದಿದೆ ಎಂದು ಬೈಯುತ್ತ ಇನ್ನೊಂದು ತುತ್ತು. ಅವನು ಇಲ್ಲ ಜಾಸ್ತಿ ಐತೆ ಎನ್ನುವನು, ನಾನು ಮತ್ತೆ ತಿಂದು ತೋರಿಸುವೆನು. ಒಂದು ಮುದ್ದೆ ಮುಗಿದು, ಅನ್ನ ಮಜ್ಜಿಗೆಯೂ ಮುಗಿದು, ಬೈಗುಳವೂ ಮುಗಿದು ನಾನು ನೀರು ಕುಡಿದೆ. ಅವನ ತಟ್ಟೆಯಲ್ಲಿ ಉಳಿದ ಮುದ್ದೆ ಹಾಗೇ ಇತ್ತು. ಅದನ್ನು ಅಷ್ಟು ಹೊತ್ತು ನಾನು ಗಮನಿಸಿರಲೇ ಇಲ್ಲ.

ಅವನು ಎದ್ದು ಕೈ ತೊಳೆದು ಬಂದ. ಜೇಬಿನಿಂದ ಬಿಳಿ ಕವರು ತೆಗೆದು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದಿಟ್ಟ.

"ಬೆಳಿಗ್ಗೆ ಕಿಟಕೀಲೇ ಕುಂತಿದ್ರು ಅಕ್ಕಾ. ನಾನು ಯಾರು ಅಂತ ಗೊತ್ತಾಗಲಿಲ್ಲ ಅವರಿಗೆ. ಎಂಥ ಸುದ್ದಿ ಅಂತ ಕೇಳಿದ್ರು. ಕೇಳಿ ಹಂಗೇ ಒರಗಿಬಿಟ್ರು."

ನಾನು ಕವರನ್ನು ತಿರುಗಿಸಿದೆ. ಬೆನ್ನಿನ ಮೇಲೆ ನನ್ನದೇ ಮಾತು ಇತ್ತು.

"ಉಪ್ಪು ಸರಿಯಾಗೇ ಇತ್ತು ಅಕ್ಕಾ" ಎಂದ ಅವನು.